ಪಹಣಿ ಅದೇ, ಅಡಿಯ ಸಿಸ್ಟಂ ಬೇರೆ: ಫಸಲಿ ಕಾಲದಿಂದ ಸರ್ವರ್ ಕಾಲಕ್ಕೆ ಬೀದರ್ ದಾಖಲೆಗಳ ದಾರಿ

"ಸರ್ವರ್ ಇಲ್ರೀ ಕಾಕಾ, ನಾಳಿ ಬರ್ರಿ."

ಔರಾದ್, ಭಾಲ್ಕಿ ಕಡೆಯ ಮಂದಿಗೆ ಈ ಮಾತು ಬಾಯಿಪಾಠ ಆಗಿದೆ. ಮೊದಲು "ಸಾಹೇಬ್ರು ಇಲ್ಲ" ಅನ್ನುತ್ತಿದ್ದರು, ಈಗ "ಸರ್ವರ್ ಇಲ್ಲ" ಅನ್ನುತ್ತಾರೆ. ಸಾಹೇಬ್ರು ಎಲ್ಲಿ ಹೋಗಿದ್ದಾರೆ ಅಂತ ಕೇಳಬಹುದಿತ್ತು. ಸರ್ವರ್ ಎಲ್ಲಿದೆ, ಯಾಕೆ ಇಲ್ಲ, ಅದರೊಳಗೆ ಏನು ಬದಲಾಯಿಸುತ್ತಿದ್ದಾರೆ ಅಂತ ಕೇಳಿದರೆ ಕೌಂಟರ್‌ನಲ್ಲಿ ಕುಳಿತ ಹುಡುಗನಿಗೂ ಗೊತ್ತಿರುವುದಿಲ್ಲ.

ಸರ್ವರ್ ಅಂದರೆ ದೂರದಲ್ಲಿ ಹಗಲು ರಾತ್ರಿ ಓಡುವ ದೊಡ್ಡ ಕಂಪ್ಯೂಟರ್. ಅದನ್ನು ಓಡಿಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಅನ್ನುತ್ತಾರೆ. ನಮ್ಮ ಫೋನಿಗೆ ಆಂಡ್ರಾಯ್ಡ್ ಇದ್ದಂತೆ ಸರ್ವರ್‌ಗೆ ವಿಂಡೋಸ್, ಲಿನಕ್ಸ್ ಇತ್ಯಾದಿ. ಪಹಣಿ ಇರುವುದು ಅದರ ಮೇಲೆ. ಹೊಲದ ಮಣ್ಣು ಬದಲಾದರೆ ಬೆಳೆಗೆ ಗೊತ್ತಾಗುತ್ತದೆ. ಪಹಣಿಯ ಕೆಳಗಿನ ಸಿಸ್ಟಂ ಬದಲಾದರೆ ರೈತನಿಗೆ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಹೆಸರಿನಲ್ಲೋ ಗುಂಟೆಯಲ್ಲೋ ಏನೋ ಏರುಪೇರಾಗಿ ಬ್ಯಾಂಕಿನವರು ಅರ್ಜಿ ವಾಪಸ್ ಕೊಟ್ಟಿರುತ್ತಾರೆ.

ಅದಕ್ಕೆ ಈ ಸಲ ನಾವು ಪಹಣಿಯ ಕೆಳಗೆ ಏನೇನು ಬದಲಾಗುತ್ತ ಬಂತು ಅನ್ನುವುದರ ಇತಿಹಾಸ ಬರೆಯುತ್ತಿದ್ದೇವೆ. ಇದು ಕಂಪ್ಯೂಟರ್‌ಗಿಂತ ಹಳೆಯದು.

ನಮ್ಮ ಜಿಲ್ಲೆ ನಿಜಾಮರ ಹೈದರಾಬಾದ್ ರಾಜ್ಯದಲ್ಲಿತ್ತು. ಆಗ ಊರಿನ ಲೆಕ್ಕ ಪಟವಾರಿ ಕೈಯಲ್ಲಿ, ದಫ್ತರದ ಭಾಷೆ ಉರ್ದು, ವರ್ಷದ ಎಣಿಕೆ ಫಸಲಿ. ಹಳೆ ಕಾಗದದಲ್ಲಿ 1358 ಫಸಲಿ ಅಂತ ಕಂಡರೆ ಅದಕ್ಕೆ 590 ಕೂಡಿಸಿ, 1948 ಬರುತ್ತದೆ. ಪೊಲೀಸ್ ಕಾರ್ಯಾಚರಣೆ ನಡೆದ ವರ್ಷ ಅದು. ಆಮೇಲೆ 1954-55ರಲ್ಲಿ ಖಾಸ್ರಾ ಪಹಣಿ ತಯಾರಾಯಿತು. ಯಾವ ಸರ್ವೆ ನಂಬರ್ ಯಾರ ಕಬ್ಜಾದಲ್ಲಿದೆ ಅಂತ ತೋರಿಸುವ ಆ ದಾಖಲೆಯನ್ನು ಈ ಭಾಗದ ಜಮೀನು ತಕರಾರುಗಳಲ್ಲಿ ಇವತ್ತಿಗೂ ವಕೀಲರು ಮೊದಲು ಹುಡುಕುತ್ತಾರೆ.

1956ರ ನವೆಂಬರ್ 1ಕ್ಕೆ ರಾಜ್ಯಗಳ ಮರುವಿಂಗಡಣೆ ಆಯಿತು. ಬೀದರ್ ಜಿಲ್ಲೆ ಮೂರು ಭಾಗವಾಯಿತು. ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಕಡೆಯದು ಮೈಸೂರಿಗೆ, ಉದಗೀರ್, ನಿಲಂಗಾ, ಅಹಮದ್‌ಪುರ ಬೊಂಬಾಯಿಗೆ, ಜಹೀರಾಬಾದ್, ನಾರಾಯಣಖೇಡ್ ಆಂಧ್ರಕ್ಕೆ. ಒಂದೇ ಜಿಲ್ಲೆಯ ಲೆಕ್ಕ ಮೂರು ಆಡಳಿತ ಭಾಷೆಗಳಿಗೆ ಹೋಯಿತು. ನಮ್ಮ ಕಡೆ 1961ರ ಕಾಯ್ದೆಯಿಂದ ವಂಶಪಾರಂಪರ್ಯದ ಪಟವಾರಿಕೆ ರದ್ದಾಗಿ, ಸಂಬಳದ ಗ್ರಾಮ ಲೆಕ್ಕಿಗರು ಬಂದರು. 1964ರ ಭೂಕಂದಾಯ ಕಾಯ್ದೆಯ ನಂತರ ಕನ್ನಡದ ಪಹಣಿ, ಅಂದರೆ ಆರ್‌ಟಿಸಿ, ಗಟ್ಟಿಯಾಯಿತು.

ಇದನ್ನು ಯಾಕೆ ಹೇಳುತ್ತಿದ್ದೇವೆ ಅಂದರೆ, ಆಗಿನ ಬದಲಾವಣೆಯಲ್ಲಿ ಹಳೆಯದನ್ನು ಸುಟ್ಟು ಹೊಸದು ಬರೆಯಲಿಲ್ಲ. ಉರ್ದು ಕಾಗದ ಅಭಿಲೇಖಾಲಯದ ಕಪಾಟಿನಲ್ಲಿ ಉಳಿಯಿತು, ಕನ್ನಡ ಪಹಣಿ ಮುಂದೆ ನಡೆಯಿತು. ತಕರಾರು ಬಂದರೆ ಹಿಂದಕ್ಕೆ ಹೋಗಿ ನೋಡಲು ದಾರಿ ಇತ್ತು. ಈ "ಹಿಂದಕ್ಕೆ ಹೋಗುವ ದಾರಿ" ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಸರ್ವರ್ ವಿಷಯದಲ್ಲೂ ಇದೇ ಬರುತ್ತದೆ.

ಈಗ ಭೂಮಿ ಯೋಜನೆಗೆ ಬರೋಣ. ಭೂ ದಾಖಲೆ ಗಣಕೀಕರಣದ ಕೇಂದ್ರ ಯೋಜನೆ 1988-89ರಲ್ಲೇ ಬಂದಿತ್ತು, ಆದರೆ ರೈತನ ಕೈಗೆ ಏನೂ ತಲುಪಿರಲಿಲ್ಲ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಉಸ್ತುವಾರಿಯಲ್ಲಿ, ರಾಷ್ಟ್ರೀಯ ಮಾಹಿತಿ ಕೇಂದ್ರ ಅಂದರೆ ಎನ್‌ಐಸಿ ಬರೆದ ತಂತ್ರಾಂಶದೊಂದಿಗೆ, 2000ದ ಹೊತ್ತಿಗೆ ಅದು ನಿಜವಾಗಿ ನಡೆಯತೊಡಗಿತು. ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದ, 67 ಲಕ್ಷ ರೈತರ, ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ಆಗಿನ 177 ತಾಲ್ಲೂಕು ಕೇಂದ್ರಗಳಲ್ಲಿ ಭೂಮಿ ಕೌಂಟರ್ ತೆರೆದವು. 15 ರೂಪಾಯಿ ಕೊಟ್ಟರೆ ಅಲ್ಲೇ ಮುದ್ರಿತ ಪಹಣಿ. ರೈತ ನೋಡಲಿ ಅಂತ ಎರಡನೇ ಪರದೆಯನ್ನು ಕೌಂಟರ್‌ನ ಹೊರಗೆ ಮುಖಮಾಡಿ ಇಟ್ಟಿದ್ದರು. ತಿದ್ದುವ ನೌಕರ ಬೆರಳಚ್ಚು ಒತ್ತಿಯೇ ಒಳಹೋಗಬೇಕಿತ್ತು. ಒಂದು ತಾಲ್ಲೂಕಿನಲ್ಲಿ ಭೂಮಿ ಶುರುವಾದ ಮೇಲೆ ಅಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ತೆಗೆದರು.

ಆ ಎರಡನೇ ಪರದೆ ನಮಗೆ ಬಹಳ ಇಷ್ಟವಾದ ವಿಷಯ. ಅಕ್ಷರ ಬಾರದವನೂ ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು "ನಮ್ಮಪ್ಪನ ಹೆಸರು ಸರಿ ಅದ ಏನ್ ನೋಡು" ಅನ್ನಬಹುದಿತ್ತು.

ಆ ಕಾಲದ ಸರ್ವರ್ ಎಲ್ಲಿತ್ತು? ಅದೇ ಕೋಣೆಯಲ್ಲಿ. ಔರಾದ್ ತಾಲ್ಲೂಕಿನ ಪಹಣಿ ಔರಾದ್ ತಹಸೀಲ್ ಕಚೇರಿಯ ಯಂತ್ರದಲ್ಲಿ, ಭಾಲ್ಕಿಯದು ಭಾಲ್ಕಿಯಲ್ಲಿ. ಮೈಕ್ರೋಸಾಫ್ಟ್‌ನ ವಿಂಡೋಸ್, ಅದರ ಮೇಲೆ ಎಸ್‌ಕ್ಯೂಎಲ್ ಸರ್ವರ್ ಅನ್ನುವ ದತ್ತಾಂಶ ಕೋಶ, ಅದರ ಮೇಲೆ ವಿಷುವಲ್ ಬೇಸಿಕ್‌ನಲ್ಲಿ ಬರೆದ ಭೂಮಿ ತಂತ್ರಾಂಶ. ಕರೆಂಟ್ ಹೋದರೆ ಯುಪಿಎಸ್. ಯಂತ್ರ ಕೆಟ್ಟರೆ ಸರಿಮಾಡುವವನು ಮಾಂಜ್ರಾ ದಾಟಿ ಔರಾದಿಗೆ ಬರಬೇಕು, ಪರದೆ ಮುಂದೆ ಕೂಡಬೇಕು, ಸಿ.ಡಿ. ಹಾಕಬೇಕು.

ಇಲ್ಲಿ ಒಂದು ವಿಚಿತ್ರ ನೋಡಿ. ಆಗಿನ ವಿಂಡೋಸ್‌ಗೆ ಕನ್ನಡವೇ ಬರುತ್ತಿರಲಿಲ್ಲ. ವಿಂಡೋಸ್ 2000ಕ್ಕೆ ದೇವನಾಗರಿ ಬರುತ್ತಿತ್ತು, ತಮಿಳು ಬರುತ್ತಿತ್ತು. ಕನ್ನಡ ತಾನಾಗಿ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ, 'ತುಂಗಾ' ಅನ್ನುವ ಅಕ್ಷರಗಳೊಂದಿಗೆ. ಅಂದರೆ ಔರಾದಿನ ಗಡಿ ಊರಿನ ಮರಾಠಿ ಬರೆಯಲು ಗೊತ್ತಿದ್ದ ಸಿಸ್ಟಂಗೆ, ಅದೇ ಊರಿನ ಕನ್ನಡ ಪಹಣಿ ಬರೆಯಲು ಗೊತ್ತಿರಲಿಲ್ಲ! ಅದಕ್ಕೆ ಆ ಕಾಲದಲ್ಲಿ ಹೊರಗಿನ ಕನ್ನಡ ತಂತ್ರಾಂಶ ಜೋಡಿಸಿ ಕೆಲಸ ಸಾಗಿಸಬೇಕಾಗಿತ್ತು. ಪರದೆಯ ಮೇಲೆ ಕನ್ನಡ ಕಾಣುತ್ತಿತ್ತು, ಒಳಗೆ ಅದು ಆ ತಂತ್ರಾಂಶದ್ದೇ ಸಂಕೇತವಾಗಿ ಕೂತಿರುತ್ತಿತ್ತು. ಇಂಥ ದಾಖಲೆಯನ್ನು ಇನ್ನೊಂದು ಸಿಸ್ಟಂಗೆ ಒಯ್ಯುವಾಗ ಪ್ರತಿ ಅಕ್ಷರವನ್ನೂ ಈಗಿನ ಯುನಿಕೋಡ್‌ಗೆ ತಿರುಗಿಸಬೇಕು. ಒತ್ತಕ್ಷರ, ಅರ್ಕಾವೊತ್ತು ಇರುವಲ್ಲಿ ಎಡವುವುದು ಸುಲಭ. ಧರ್ಮಣ್ಣನ ಹೆಸರಿನ ಅರ್ಕಾವೊತ್ತು ಒಂದು ಜಾಗ ಆಚೆ ಸರಿದರೆ ಓದುವ ಮನುಷ್ಯನಿಗೆ ಅರ್ಥವಾಗುತ್ತದೆ. ಆಧಾರ್ ಜೊತೆ ತಾಳೆ ನೋಡುವ ಯಂತ್ರಕ್ಕೆ ಅವನು ಬೇರೆ ಮನುಷ್ಯ. ರೈತರ ಎಫ್‌ಐಡಿ ಮಾಡಿಸಲು ಹೋದವರಿಗೆ ಹೆಸರು ಹೊಂದದ ಸಂಕಟ ಏನು ಅಂತ ನಾವು ಹೇಳಬೇಕಿಲ್ಲ.

ಅಂಕಿಯಲ್ಲೂ ಹೀಗೇ. ಪಹಣಿಯಲ್ಲಿ 3-20 ಅಂದರೆ 3 ಎಕರೆ 20 ಗುಂಟೆ. 40 ಗುಂಟೆಗೆ ಒಂದು ಎಕರೆ, ಹಾಗಾಗಿ ಇಂಥ ಎರಡು ತುಂಡು ಕೂಡಿಸಿದರೆ 7 ಎಕರೆ. ಹೊಸ ಸಿಸ್ಟಂ ಇದನ್ನು ಸಾದಾ ದಶಮಾಂಶ ಅಂತ ತಿಳಿದರೆ 3.20ಕ್ಕೆ 3.20 ಕೂಡಿಸಿ 6.40 ಅನ್ನುತ್ತದೆ. ಸಿಸ್ಟಂ ಬದಲಾಯಿಸುವವರಿಗೆ ಗುಂಟೆ ಲೆಕ್ಕ ಗೊತ್ತಿರಬೇಕು ಅನ್ನುವುದು ಅದಕ್ಕೇ.

ಹಾಗಾದರೆ ಬದಲಾಯಿಸುವುದೇ ಯಾಕೆ, ಇದ್ದದ್ದು ಇರಲಿ ಬಿಡಿ ಅಂತ ನೀವು ಕೇಳಬಹುದು. ಇರಲು ಬಿಡುವುದಿಲ್ಲ. ತಯಾರಿಸಿದ ಕಂಪನಿಯೇ ಒಂದು ದಿನ ಕೈಬಿಡುತ್ತದೆ. ವಿಂಡೋಸ್ ಎನ್‌ಟಿ 4ಕ್ಕೆ 2004ರ ಕೊನೆಗೆ, ವಿಂಡೋಸ್ 2000ಕ್ಕೆ 2010ರ ಜುಲೈ 13ಕ್ಕೆ, ಸರ್ವರ್ 2003ಕ್ಕೆ 2015ರ ಜುಲೈ 14ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿತು. ಆಮೇಲೆ ಕಳ್ಳದಾರಿ ಕಂಡರೂ ಮುಚ್ಚುವವರಿಲ್ಲ. ಸುಮಾರು ಹತ್ತು ವರ್ಷಕ್ಕೊಮ್ಮೆ ಮನೆಯ ಅಡಿಪಾಯ ಬದಲಾಯಿಸಿದ ಹಾಗೆ, ಒಳಗೆ ಮಂದಿ ಇರುವಾಗಲೇ.

ಬದಲಾಯಿಸುವ ಕೆಲಸ ಸರ್ವರ್ ಕಣ್ಣೆದುರು ಇದ್ದಾಗ ಸಲೀಸು. ಒಂದೇ ಯಂತ್ರದಲ್ಲಿ ಎರಡು ಆಪರೇಟಿಂಗ್ ಸಿಸ್ಟಂ ಇಡಬಹುದು. ಯಂತ್ರ ಚಾಲು ಮಾಡಿದಾಗ ಪರದೆಯ ಮೇಲೆ ಪಟ್ಟಿ ಬರುತ್ತದೆ: ಹಳೆಯದು ಬೇಕೋ, ಹೊಸದು ಬೇಕೋ? ಹಳೆ ವಿಂಡೋಸ್‌ನಲ್ಲಿ ಸಾಮಾನ್ಯವಾಗಿ 30 ಸೆಕೆಂಡ್ ಕಾಯುತ್ತಿತ್ತು. ಅಷ್ಟರಲ್ಲಿ ಕೀಲಿ ಒತ್ತಿ ಬೇಕಾದದ್ದನ್ನು ಆರಿಸಬೇಕು. ಲಿನಕ್ಸ್‌ನಲ್ಲಿ 1990ರ ದಶಕದಲ್ಲಿ ಬಂದ ಲೈಲೋ, ಗ್ರಬ್ ಅನ್ನುವ ಸಣ್ಣ ತಂತ್ರಾಂಶಗಳು ಇದೇ ಕೆಲಸ ಮಾಡುತ್ತವೆ. ಹೊಸದು ಕೈಕೊಟ್ಟರೆ ಮತ್ತೆ ಚಾಲು ಮಾಡಿ ಹಳೆಯದನ್ನು ಆರಿಸಿದರಾಯಿತು.

ಆದರೆ ಸರ್ವರ್‌ಗಳು ಕಣ್ಣೆದುರು ಉಳಿಯಲಿಲ್ಲ. ತಾಲ್ಲೂಕಿನಿಂದ ತಾಲ್ಲೂಕಿಗೆ ಸರ್ಕಾರಿ ಜಾಲ ಬಂತು, ಬೆಂಗಳೂರಿನಲ್ಲಿ ರಾಜ್ಯ ದತ್ತಾಂಶ ಕೇಂದ್ರ ಆಯಿತು, ದಾಖಲೆಗಳು ಅಲ್ಲಿಗೆ ಸೇರಿದವು. ಹೋಬಳಿಗಳಲ್ಲಿ ಮೊದಲು ನೆಮ್ಮದಿ ಕೇಂದ್ರ, ಆಮೇಲೆ ಅಟಲ್‌ಜೀ ಜನಸ್ನೇಹಿ ಕೇಂದ್ರ ಬಂದು, ಪಹಣಿಗೆ ಔರಾದ್ ಪಟ್ಟಣಕ್ಕೇ ಹೋಗಬೇಕೆಂಬುದು ತಪ್ಪಿತು. ಅನುಕೂಲ ದೊಡ್ಡದು, ಅದನ್ನು ಅಲ್ಲಗಳೆಯುವಂತಿಲ್ಲ. ಕಮಲನಗರ ಔರಾದಿನಿಂದ ಬೇರೆ ತಾಲ್ಲೂಕಾದಾಗಲೂ ರೈತನ ಫೋನಿನಲ್ಲಿ ಪಹಣಿ ನೋಡಲು ಬರುತ್ತದೆ. ಆದರೆ ಯಂತ್ರದ ಮುಂದೆ ಕೀಲಿ ಒತ್ತಲು ಈಗ ಯಾರೂ ಕೂತಿಲ್ಲ. ದತ್ತಾಂಶ ಕೇಂದ್ರದ ಸರ್ವರ್‌ಗೆ ಪರದೆಯೇ ಇರುವುದಿಲ್ಲ. ನೋಡಿಕೊಳ್ಳುವವನು ಇನ್ನೊಂದು ಕಟ್ಟಡದಲ್ಲಿ, ಕೆಲವೊಮ್ಮೆ ಇನ್ನೊಂದು ಊರಿನಲ್ಲಿ ಇರುತ್ತಾನೆ.

ಹಾಗಿದ್ದರೆ ದೂರದಿಂದ ಸಿಸ್ಟಂ ಬದಲಾಯಿಸುವುದು ಹ್ಯಾಂಗ? ಇದು ಭೂಮಿ ಒಂದರ ಪ್ರಶ್ನೆಯಲ್ಲ, ಲೋಕದ ಎಲ್ಲ ದೂರದ ಸರ್ವರ್‌ಗಳ ಪ್ರಶ್ನೆ.

ಬೋರ್‌ವೆಲ್ ಇರುವವರಿಗೆ ಒಂದು ಹೋಲಿಕೆ ಹೇಳುತ್ತೇವೆ. ರಾತ್ರಿ ಎರಡಕ್ಕೆ ತ್ರೀ ಫೇಸ್ ಬಂದರೆ ಹೊಲಕ್ಕೆ ಓಡಬಾರದು ಅಂತ ಈಗ ಮೊಬೈಲ್ ಸ್ಟಾರ್ಟರ್ ಹಾಕಿಸುತ್ತಾರಲ್ಲ? ಸಿಮ್ ಹಾಕಿದ ಸಣ್ಣ ಡಬ್ಬಿ. ಮೋಟರ್ ಬಂದ್ ಇದ್ದರೂ ಆ ಡಬ್ಬಿ ಎಚ್ಚರ ಇರುತ್ತದೆ. ಮನೆಯಿಂದ ಫೋನ್ ಮಾಡಿದರೆ ಅದು ಮೋಟರ್ ಚಾಲು ಮಾಡುತ್ತದೆ. ಸರ್ವರ್ ಒಳಗೂ ಇಂಥದ್ದೇ ಸಣ್ಣ ಕಂಪ್ಯೂಟರ್ ಒಂದಿರುತ್ತದೆ. ದೊಡ್ಡದು ಸತ್ತುಬಿದ್ದರೂ ಅದು ಬದುಕಿರುತ್ತದೆ. ಬೇರೆ ತಂತಿ, ಬೇರೆ ವಿಳಾಸ ಅದಕ್ಕೆ. ದೂರದಲ್ಲಿ ಕೂತವನು ಅದರ ಮೂಲಕ ಸರ್ವರ್‌ನ ಆರಂಭದ ಪರದೆ ನೋಡಬಹುದು, ಪಟ್ಟಿಯಿಂದ ಆರಿಸಬಹುದು, ಕರೆಂಟ್ ತೆಗೆದು ಹಾಕಬಹುದು, ಇಲ್ಲದ ಸಿ.ಡಿ.ಯನ್ನು ಇದ್ದಂತೆ ತೋರಿಸಿ ಹೊಸ ಸಿಸ್ಟಂ ಹಾಕಬಹುದು. 1998ರ ಸೆಪ್ಟೆಂಬರ್‌ನಲ್ಲಿ ಇಂಟೆಲ್, ಎಚ್‌ಪಿ, ಡೆಲ್, ಎನ್‌ಇಸಿ ಕಂಪನಿಗಳು ಸೇರಿ ಇದಕ್ಕೊಂದು ಸಾಮಾನ್ಯ ನಿಯಮ ಪ್ರಕಟಿಸಿದವು. ಐಪಿಎಂಐ ಅಂತ ಅದರ ಹೆಸರು.

ಇನ್ನೊಂದು ಉಪಾಯ ಇದಕ್ಕಿಂತ ಜಾಣತನದ್ದು. ದೂರದಲ್ಲಿರುವವನು ಸರ್ವರ್‌ಗೆ ಹೀಗೆ ಹೇಳಿಡುತ್ತಾನೆ: "ಮುಂದಿನ ಸಲ ಒಂದೇ ಒಂದು ಸಲ ಹೊಸದರಲ್ಲಿ ಏಳು. ಅದರ ಮುಂದಿನ ಸಲ ಮತ್ತೆ ಹಳೆಯದೇ." ಲೈಲೋ, ಗ್ರಬ್ ಎರಡರಲ್ಲೂ ಈ ಸೌಲಭ್ಯ ಇದೆ. ಹೊಸ ಸಿಸ್ಟಂ ಎದ್ದು ಚೆನ್ನಾಗಿ ಓಡಿದರೆ ಆಗ ಅದನ್ನೇ ಕಾಯಂ ಮಾಡುತ್ತಾನೆ. ಅರ್ಧದಲ್ಲಿ ಸಿಕ್ಕಿಕೊಂಡರೆ ಕರೆಂಟ್ ತೆಗೆದು ಹಾಕಿದರೆ ಸಾಕು, ಯಂತ್ರ ತಾನಾಗಿ ಹಳೆ ಸಿಸ್ಟಂಗೆ ಮರಳುತ್ತದೆ. ನಿಮ್ಮ ಜೇಬಿನ ಫೋನಿನಲ್ಲೂ ಇದು ಇರಬಹುದು. 2016ರ ಆಂಡ್ರಾಯ್ಡ್ 7ರಿಂದ ಎರಡು ಜಾಗ ಇಡುವ ಪದ್ಧತಿ ಬಂತು. ಒಂದರಲ್ಲಿ ಹಳೆಯದು ಓಡುತ್ತಿರುವಾಗಲೇ ಇನ್ನೊಂದರಲ್ಲಿ ಹೊಸದು ಕೂಡುತ್ತದೆ. ಹೊಸದು ಏಳದಿದ್ದರೆ ಫೋನ್ ಹಳೆಯದಕ್ಕೇ ಹೋಗುತ್ತದೆ.

ಈ ವಾಪಸಾತಿ ದಾರಿ ಇಲ್ಲದಿದ್ದರೆ ಏನಾಗುತ್ತದೆ ಅಂತ 2024ರ ಜುಲೈ 19ರಂದು ಜಗತ್ತು ನೋಡಿತು. ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಕಂಪನಿ ದೂರದಿಂದ ಕಳುಹಿಸಿದ ಒಂದು ಸಣ್ಣ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ಯಂತ್ರ ಏಳದೆ ಇದ್ದರೆ ಜಾಲದ ಮೂಲಕ ಅದನ್ನು ಮುಟ್ಟಲೂ ಆಗದು. ಎಷ್ಟೋ ಕಡೆ ಮನುಷ್ಯರು ಒಂದೊಂದೇ ಯಂತ್ರದ ಮುಂದೆ ಹೋಗಿ ಕೂತು ಆ ಕಡತ ಅಳಿಸಬೇಕಾಯಿತು. ನಮಗೆ ಹತ್ತಿರದ ಹೈದರಾಬಾದ್ ವಿಮಾನ ನಿಲ್ದಾಣದಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಪೆನ್ನಿನಲ್ಲಿ ಬರೆದು ಕೊಟ್ಟರು.

ದೂರದ ಯಂತ್ರ ಅಂದರೆ ಸದಾ ಗೋಳು ಅಂತಲೂ ಅಲ್ಲ. ಭೂಮಿಗಿಂತ ಮೊದಲೇ ದೂರದ ಯಂತ್ರವೊಂದು ನಮ್ಮ ಭಾಗಕ್ಕೆ ಕೆಲಸ ಮಾಡುತ್ತಿತ್ತು: ರೈಲ್ವೆ ರಿಸರ್ವೇಶನ್. ಬೀದರ್, ಭಾಲ್ಕಿ ನಿಲ್ದಾಣಗಳು ದಕ್ಷಿಣ ಮಧ್ಯ ರೈಲ್ವೆಯ ಸಿಕಂದರಾಬಾದ್ ವಿಭಾಗದವು. ಕನ್ಸರ್ಟ್ ಅನ್ನುವ ರಿಸರ್ವೇಶನ್ ತಂತ್ರಾಂಶ 1994ರಲ್ಲಿ ಮೊದಲು ಶುರುವಾದದ್ದು ಸಿಕಂದರಾಬಾದಿನಲ್ಲೇ. 1999ರ ಹೊತ್ತಿಗೆ ದಿಲ್ಲಿ, ಮುಂಬೈ, ಕೋಲ್ಕತ್ತಾ, ಚೆನ್ನೈ, ಸಿಕಂದರಾಬಾದ್ ಐದೂ ಕೇಂದ್ರಗಳು ಒಂದಕ್ಕೊಂದು ಜೋಡಿಸಿಕೊಂಡವು. ಅಲ್ಲಿ ಅವರು ಉಲ್ಟಾ ದಾರಿ ಹಿಡಿದರು. ಯಂತ್ರಗಳನ್ನು ವ್ಯಾಕ್ಸ್‌ನಿಂದ ಆಲ್ಫಾಕ್ಕೆ, ಆಲ್ಫಾದಿಂದ ಇಟೇನಿಯಂಗೆ ಬದಲಾಯಿಸಿದರು. ಓಪನ್ ವಿಎಂಎಸ್ ಅನ್ನುವ ಆಪರೇಟಿಂಗ್ ಸಿಸ್ಟಂ ಮಾತ್ರ ದಶಕಗಳ ಕಾಲ ಬಿಡಲಿಲ್ಲ. ಹಳೆ ಎತ್ತನ್ನು ಹೊಸ ಬಂಡಿಗೆ ಹೂಡಿದ ಹಾಗೆ. ಹೊಸ ಫ್ಯಾಷನ್ ಬಂತೆಂದು ಅಡಿಪಾಯ ಕಿತ್ತು ಹಾಕದ ಈ ಹಠ ನಮಗೆ ಮೆಚ್ಚುಗೆಯಾಗುತ್ತದೆ, ಆದರೆ ಇದಕ್ಕೂ ಬೆಲೆ ಇದೆ. ಅಂಥ ಸಿಸ್ಟಂ ಬಲ್ಲವರು ಕಡಿಮೆಯಾಗುತ್ತ ಹೋಗುತ್ತಾರೆ, ಉರ್ದು ದಫ್ತರ ಓದುವವರು ಕಡಿಮೆಯಾದ ಹಾಗೆ.

ಇತ್ತೀಚಿನ ದೊಡ್ಡ ಬದಲಾವಣೆ ಉಪನೋಂದಣಿ ಕಚೇರಿಗಳದ್ದು. ಹಳೆಯ ಕಾವೇರಿ ತಂತ್ರಾಂಶ 2000ದ ದಶಕದ ಆರಂಭದ್ದು, ಕಚೇರಿಯಲ್ಲೇ ಯಂತ್ರ ಇಟ್ಟು ನಡೆಯುತ್ತಿತ್ತು. 2023ರಲ್ಲಿ ಕಾವೇರಿ 2.0 ಬಂತು, ಎಲ್ಲವೂ ಜಾಲದ ಮೂಲಕ. ಅದನ್ನು ಮೊದಲು ಪ್ರಯೋಗಿಸಿದ್ದು ನಮ್ಮ ಪಕ್ಕದ ಚಿಂಚೋಳಿಯಲ್ಲಿ, ಆಮೇಲೆ ಹಂತ ಹಂತವಾಗಿ ರಾಜ್ಯಕ್ಕೆಲ್ಲ ಹಬ್ಬಿಸಿದರು. ಒಂದೇ ರಾತ್ರಿಗೆ ಎಲ್ಲ ಕಡೆ ಬದಲಾಯಿಸದೆ ಒಂದು ಕಡೆ ನಡೆಸಿ ನೋಡಿದ್ದು ಸರಿಯಾದ ಕ್ರಮ. ಆದರೆ 2025ರ ಆರಂಭದಲ್ಲಿ ಯಾರೋ ನಕಲಿ ಕೋರಿಕೆಗಳ ಮಳೆ ಸುರಿಸಿ ಕಾವೇರಿ ಸರ್ವರ್‌ಗೆ ಉಸಿರು ಕಟ್ಟಿಸಿದಾಗ ರಾಜ್ಯದ ಉದ್ದಗಲಕ್ಕೂ ನೋಂದಣಿಗೆ ಪೆಟ್ಟು ಬಿತ್ತು. ಔರಾದಿನ ಯಂತ್ರ ಔರಾದಿನಲ್ಲೇ ಇದ್ದ ಕಾಲದಲ್ಲಿ ಅದು ಕೆಟ್ಟರೆ ಭಾಲ್ಕಿಯ ಕೆಲಸ ನಿಲ್ಲುತ್ತಿರಲಿಲ್ಲ. ಈಗ ಒಂದು ನಿಂತರೆ ಎಲ್ಲವೂ ನಿಲ್ಲುತ್ತದೆ.

ಸಿಸ್ಟಂ ಬದಲಾಯಿಸುವವರಿಗೆ ಎಷ್ಟೋ ನಿಯಮಗಳಿವೆ: ಪ್ರತಿ ತೆಗೆದಿಡು, ಒಂದು ಸಲ ಓಡಿಸಿ ನೋಡು, ಹಳೆಯದನ್ನು ಕೂಡಲೇ ಅಳಿಸಬೇಡ. ಪಹಣಿಯ ಧನಿಗೆ ತಿಳಿಸು ಅನ್ನುವ ನಿಯಮ ಮಾತ್ರ ನಮಗೆ ಎಲ್ಲೂ ಕಾಣಲಿಲ್ಲ. ಬ್ಯಾಂಕಿನವರು "ಭಾನುವಾರ ರಾತ್ರಿ ಸೇವೆ ಇರುವುದಿಲ್ಲ" ಅಂತ ಮೆಸೇಜ್ ಕಳಿಸುತ್ತಾರೆ. ಬೆಳೆ ಸಾಲದ ಹಂಗಾಮಿನಲ್ಲಿ, ವಿಮೆಯ ಕೊನೆ ದಿನದ ಹೊತ್ತಿನಲ್ಲಿ ಪಹಣಿ ಸರ್ವರ್ ಕೆಲಸ ಇದ್ದರೆ ಅಂಥದ್ದೇ ಒಂದು ಮೆಸೇಜ್ ಕನ್ನಡದಲ್ಲಿ ಕಳಿಸಲು ಏನು ತೊಂದರೆ? ಪಂಚಾಯ್ತಿ ಬೋರ್ಡಿನ ಮೇಲೆ ಒಂದು ಚೀಟಿ ಅಂಟಿಸಿದರೂ ಸಾಕು. ಭಾಲ್ಕಿಗೆ ಬಸ್ ಚಾರ್ಜು ಕೊಟ್ಟು ಹೋಗಿ ಕೂಲಿ ಕಳಕೊಂಡು ಬರುವುದು ತಪ್ಪುತ್ತದೆ.

ಅಲ್ಲಿಯವರೆಗೆ ಓದುಗರು ಒಂದು ಕೆಲಸ ಮಾಡಬಹುದು. ಮನೆಯ ಟ್ರಂಕಿನಲ್ಲಿ ಹಳೆಯ ಪಹಣಿ, ಮ್ಯುಟೇಶನ್ ಕಾಗದ ಇದ್ದರೆ ಎಸೆಯಬೇಡಿ, ಕೈಬರಹದ್ದಾದರೂ ಸರಿ. ವರ್ಷಕ್ಕೊಮ್ಮೆ ಹೊಸ ಪಹಣಿ ತೆಗೆಸಿ ಹಳೆಯದರ ಪಕ್ಕದಲ್ಲಿಟ್ಟು ಮೂರು ನೋಡಿ: ಸರ್ವೆ ನಂಬರು, ಎಕರೆ-ಗುಂಟೆ, ಹೆಸರಿನ ಪ್ರತಿ ಅಕ್ಷರ. ವ್ಯತ್ಯಾಸ ಕಂಡರೆ ಆ ಹಳೆ ಕಾಗದವನ್ನು ಲಗತ್ತಿಸಿ ತಹಸೀಲ್ದಾರರಿಗೆ ತಿದ್ದುಪಡಿ ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ.

ಈಗ ರಾಜ್ಯದ ತಾಲ್ಲೂಕು ಅಭಿಲೇಖಾಲಯಗಳ ಹಳೆ ಕಡತಗಳನ್ನು 'ಭೂ ಸುರಕ್ಷಾ' ಹೆಸರಿನಲ್ಲಿ ಸ್ಕ್ಯಾನ್ ಮಾಡುವ ಕೆಲಸ ನಡೆದಿದೆ. ಇಂಥ ಕೆಲಸದಲ್ಲಿ ಫಸಲಿ ಕಾಲದ ಉರ್ದು ಹಾಳೆ ಸರ್ವರ್ ಸೇರುವುದು ಚಿತ್ರವಾಗಿ. ಚಿತ್ರಕ್ಕೆ ವಿಂಡೋಸ್ ಆದರೇನು ಲಿನಕ್ಸ್ ಆದರೇನು, ಅಕ್ಷರ ಕಲೆಸುವ ಭಯವಿಲ್ಲ. ಆದರೆ ಅದರಲ್ಲಿ ಏನು ಬರೆದಿದೆ ಅಂತ ಹೇಳಲು ಕಚೇರಿಗೆ ಇವತ್ತಿಗೂ ಉರ್ದು ಬಲ್ಲ ಒಬ್ಬ ಮನುಷ್ಯ ಬೇಕು.